ಅವ್ವನ ಗಾಜಿನ ಪ್ಲೇಟು

ತಮ್ಮಾ ನಿಜಗುಣಪ್ಪ,

ಉಗರಗೋಳಕ್ಕ ಹೊಂಟೇನಿ. ಅವ್ವ ತೀರಿಕೊಂಡಾಗ ಆಕಿನ್ನ ಗ್ವಾಡಿಗೆ ಆನಿಸಿ ಕೂಡಿಸಿ ನಾ ತಗದ ಫೋಟೊ ಐತೆಲ್ಲ, ಅದನ್ನ ಅಲ್ಲಿ ಪಟದ ಅಂಗಡಿಯಾಂವ ನನ್ನ ಕೇಳದನ ಛಾಪಿಸಿ, ದೇವಿ ಪಟಾ ಅಂತ ಮಾರಾಕ ಹತ್ತ್ಯಾನ. ಜಗಳಾ ತಗದರ, "ನಿಂದ ಅನ್ನಾಕ ಗುರುತ ಏನೈತಿ?" ಅಂತಾನ, ಕಳ್ಳ! ಫೋಟೊ ತಗದ ಗಾಜಿನ ಪ್ಲೇಟಿನ್ಯಾಗ ಆಕಿ ಮುಚ್ಚಿದ ಕಣ್ಣಿನ ಮ್ಯಾಲ ಮಸಿಲೆ ತೆರೆದ ಕಣ್ಣ ಬರದಾಂವ ನಾನ. ಅದ ಗುರುತ ತೋರಸಬೇಕಂತ ಮುಂಜಾನೆ ಆ ಪ್ಲೇಟ ತಗದ ಬೆಳಕಿಗೆ ಹಿಡದೆ.

ಎಮ್ಮಿಗೆ ನೀರ ಕುಡಸು. ರೊಟ್ಟಿ ಬುಟ್ಟ್ಯಾಗ ಅದಾವ. ಪ್ಲೇಟಿನ ಪೆಟಿಗಿ ಮಾತ್ರ ತಗೀಬ್ಯಾಡ, ಅವ್ವನ ಆಣಿ.

ಈಗ ನಾ ಜಗಳಕ್ಕ ಹೊಂಟಿಲ್ಲ. ಮಾರಿದ ಪಟಾ ಎಲ್ಲಾ ಗ್ವಾಡಿಯಿಂದ ಇಳಸ್ರಿ ಅಂತ ಮಂದಿ ಕಾಲ ಹಿಡ್ಯಾಕ ಹೊಂಟೇನಿ.

ಪ್ಲೇಟಿನ್ಯಾಗ ಮಸಿ ಅಳಿಸಿಹೋಗಿಲ್ಲ, ತಮ್ಮಾ. ನಾ ಬರೆದ ಕಣ್ಣನ್ನ ಅವ್ವ ಮುಚ್ಚ್ಯಾಳ.