ಬಾಗಿಲು ಸಾಹೇಬರ ಊಟದ ಪಟ್ಟಿ

ಭಾನುವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಒಡಹುಟ್ಟಿದ ತಮ್ಮನಾದ ನಾನು, ಬುದ್ಧಿ ನೆಟ್ಟಗಿರುವಾಗಲೇ, ಯಾರ ಒತ್ತಾಯವೂ ಇಲ್ಲದೆ, ಒಂದು ಕಳ್ಳತನವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕದ್ದ ಮಾಲು: ಒಂದು ಕಂದು ಲಕೋಟೆ. ಬಚ್ಚಿಟ್ಟ ಜಾಗ: ನನ್ನ ಕೋಟಿನ ಒಳಜೇಬು. ಕಳೆದ ತಿಂಗಳು ನಿಮ್ಮಲ್ಲಿಂದ ಹೊರಟಾಗ ನಿನ್ನ ರಾಜೀನಾಮೆ ಪತ್ರವನ್ನು ನನ್ನ ಕೈಗಿತ್ತು, ಸ್ಟೇಷನ್ನಿನ ಪಕ್ಕದ ಅಂಚೆ ಡಬ್ಬಿಗೆ ಹಾಕು ಎಂದಿದ್ದೆಯಲ್ಲ? ಹಾಕಲಿಲ್ಲ. ಡಬ್ಬಿ ಪಾಪ ಬಾಯಿ ತೆರೆದುಕೊಂಡೇ ನಿಂತಿತ್ತು. ಅದನ್ನು ಉಪವಾಸ ಕೆಡವಿದವನು ನಾನೇ.

ಹದಿನೆಂಟು ವರ್ಷ ಅಡುಗೆಮನೆ ನಡೆಸಿದವಳಿಗೆ ಒಂದು ಸಾಲು ಉತ್ತರ ಬರೆಯೋ ಯೋಗ್ಯತೆ ಇಲ್ವಾ ಅಂತ ನೀನು ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ದಿನಾ ಬೈಯುತ್ತಿದ್ದೀಯಂತೆ. ಭಾವ ಹೇಳಿದರು. ಆ ಬೈಗುಳವನ್ನೆಲ್ಲ ದಯವಿಟ್ಟು ನನ್ನ ವಿಳಾಸಕ್ಕೆ ತಿರುಗಿಸು. ಅವರ ಪಾಲಿಗೆ ನೀನಿನ್ನೂ ರಜೆಯಲ್ಲಿದ್ದೀಯ. ಅದು ಮುಗಿಯಲು ಇನ್ನೂ ಹನ್ನೆರಡು ದಿನವಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮೊದಲ ವಾಕ್ಯಕ್ಕೇ ಫೋನು ಕುಕ್ಕುವವಳು. ಪತ್ರವಾದರೆ ಸಿಟ್ಟಿನಲ್ಲಿ ಹರಿದು ಹಾಕಿದರೂ, ಆಮೇಲೆ ತುಂಡು ಜೋಡಿಸಿಕೊಂಡು ಓದುತ್ತೀಯ.

ಆ ದಿನದ ಕಥೆಯನ್ನು ನೀನು ನನಗೆ ಪೂರ್ತಿ ಹೇಳಲಿಲ್ಲ. ನಿನ್ನ ಜೊತೆ ಕೆಲಸ ಮಾಡುವ, ನೀವೆಲ್ಲ ‘ರೇಡಿಯೋ’ ಎಂದು ಕರೆಯುವ ಆ ಹೆಂಗಸು ಹೇಳಿದಳು. ಜ್ವರ ಬಿಟ್ಟು, ಜ್ವರದ ಜೊತೆ ಮೂಗಿನ ವಾಸನೆಯೂ ಬಿಟ್ಟುಹೋಗಿ, ನೀನು ಕೆಲಸಕ್ಕೆ ಮರಳಿದ ಮೊದಲ ವಾರ. ತಳ ಹಿಡಿಯುತ್ತಿದ್ದ ಸೂಪಿನ ಹಂಡೆಯ ಪಕ್ಕದಲ್ಲೇ ನಿಂತು ಕ್ಯಾರೆಟ್ ಹೆಚ್ಚುತ್ತಿದ್ದೆಯಂತೆ. ಅವಳು ಅಂಗಳದಿಂದ ಓಡಿಬಂದು, ‘ಅಯ್ಯೋ ಅಕ್ಕಾ, ಸೀದ್ಹೋಗ್ತಿದೆ, ಮೂಗು ಎಲ್ಲಿಟ್ಟು ಬಂದಿದ್ದೀರಾ?’ ಎಂದಳಂತೆ. ತಮಾಷೆಗೇ ಅಂದದ್ದು. ಅವತ್ತು ನೂರಿಪ್ಪತ್ತು ರೋಗಿಗಳಿಗೆ ಬರೀ ಬ್ರೆಡ್ಡು ಹೋಯಿತು. ನೀನು ಸೌಟು ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ; ಮನೆಯಲ್ಲೂ.

ನಿನ್ನ ಕಷ್ಟ ನನಗೆ ಗೊತ್ತು. ಅಡುಗೆಯವರೆಲ್ಲ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ನೋಡುತ್ತಾರೆ. ನೀನು ಮಾತ್ರ ಕೊನೆಯ ರೋಗಿಯ ತಟ್ಟೆ ಹೋಗುವ ತನಕ ಬಾಯಿಗೆ ಏನನ್ನೂ ಸೋಕಿಸಿದವಳಲ್ಲ. ಮುಚ್ಚಳ ಎತ್ತುವುದು, ಬಗ್ಗುವುದು, ಒಮ್ಮೆ ಮೂಸುವುದು, ‘ಇನ್ನರ್ಧ ಚಮಚ ಉಪ್ಪು’ ಎನ್ನುವುದು. ಹದಿನೆಂಟು ವರ್ಷವೂ ಮೂಗೇ ದುಡಿಯಿತು. ನಾಲಿಗೆ ಭಾವನನ್ನು ಬೈಯಲು ಮಾತ್ರ ಇತ್ತು. ವಾಸನೆ ಮರಳಿದರೂ ಮರಳಬಹುದು, ಇಲ್ಲದೆಯೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದು ನಿನಗೆ ನೆನಪಿದೆ. ನಾಲಿಗೆಗೆ ಏನೂ ಆಗಿಲ್ಲ ಎಂದದ್ದು ಮಾತ್ರ ನಿನ್ನ ಕಿವಿಗೆ ಬೀಳಲೇ ಇಲ್ಲ. ಉಪ್ಪು, ಹುಳಿ, ಸಿಹಿ, ಕಹಿ, ಗರಿಗರಿ, ಮೆತ್ತಗೆ, ಇಷ್ಟೂ ನಿನ್ನ ಹತ್ತಿರವೇ ಇವೆ, ಬಳಸದ ಪಾತ್ರೆಗಳ ಹಾಗೆ.

ಅದಕ್ಕೇ ಈ ಪತ್ರದ ಜೊತೆ ಟಿಕೆಟ್ ಇಟ್ಟಿದ್ದೇನೆ. ಗುರುವಾರದ ರೈಲು. ದಕ್ಷಿಣದ ಈ ತಿಂಡಿಪೋತ ಊರಿನಲ್ಲಿ ನಾಲ್ಕು ದಿನ ನಿನ್ನ ನಾಲಿಗೆಗೆ ಶಾಲೆ. ಇಲ್ಲಿಯವರು ಮಧ್ಯಾಹ್ನದ ಊಟಕ್ಕೆ ಕೂತಾಗಲೇ ರಾತ್ರಿ ಊಟದ ಜಗಳ ಶುರು ಮಾಡುವವರು. ದಾರಿ ಕೇಳಿದರೆ ಬ್ಯಾಂಕಿನ ಹತ್ತಿರ ಎಡಕ್ಕೆ ಅನ್ನುವುದಿಲ್ಲ, ಬೆಣ್ಣೆ ಬಿಸ್ಕತ್ತಿನ ಘಮ ಮುಗಿದ ಮೇಲೆ ಎಡಕ್ಕೆ ಅನ್ನುತ್ತಾರೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನಾಗಿ ಹೋದ ವರ್ಷ ಇಲ್ಲಿಗೆ ವರ್ಗವಾದಾಗಿನಿಂದ, ಅಂಗಡಿ ಅಂಗಡಿಯ ತಕ್ಕಡಿ ನೋಡುತ್ತಾ ಅಲೆದಿದ್ದೇನೆ. ಎಲ್ಲಿ ಏನು ತಿನ್ನಬೇಕು ಎಂಬುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲೇ ಇಲ್ಲ. ಇದು ಜಂಬವಲ್ಲ, ತೂಕದ ಮಾತು.

ಶುಕ್ರವಾರ ಬೆಳಗ್ಗೆ ರೈಲಿಳಿದವಳು ನೇರ ನನ್ನ ಕೋಣೆಗೆ ಬರುವುದು ಬೇಡ. ಸ್ಟೇಷನ್ನಿನ ಹಿಂದಿನ ಮೆಟ್ಟಿಲಿಳಿದರೆ ಅಣ್ಣತಮ್ಮಂದಿರ ಬೇಕರಿ. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಯಿತು. ಅಣ್ಣ ಹಿಟ್ಟು ನಾದುತ್ತಾನೆ, ತಮ್ಮ ಒಲೆ ನೋಡುತ್ತಾನೆ, ನಡುವೆ ಗಿರಾಕಿಗಳೇ ಅಂಚೆಯವರು. ‘ಸ್ವಲ್ಪ ಅವನಿಗೆ ಹೇಳಿ, ಒಲೆ ಜಾಸ್ತಿಯಾಯ್ತು.’ ‘ನನಗೇನು ಕಣ್ಣಿಲ್ವಾ ಅಂತ ಹೇಳಿ ಅವನಿಗೆ.’ ಮೊದಲ ಸುತ್ತಿನ ಬ್ರೆಡ್ಡನ್ನು ಮುಟ್ಟಬೇಡ, ಆಗ ಒಲೆಗೂ ಮುನಿಸು ಇಳಿದಿರುವುದಿಲ್ಲ. ಏಳು ಗಂಟೆಗೆ ಎರಡನೆಯದು ಬರುತ್ತದೆ. ಅದರ ಅಂಚನ್ನು ಕಿವಿಯ ಹತ್ತಿರ ಹಿಡಿದು ಮುರಿ. ಬೆಂದಿದೆಯೋ ಇಲ್ಲವೋ ಅದೇ ಹೇಳುತ್ತದೆ.

ಮಧ್ಯಾಹ್ನ ಬಂದರಿನ ಹಗ್ಗದಂಗಡಿಯ ಪಕ್ಕ, ಮೀನಮ್ಮನ ಪುಟ್ಟ ಹೋಟೆಲು. ಎಡಗಡೆಯ ಬೆಂಚೇ ಆಗಬೇಕು, ಹೊಗೆ ಬಲಕ್ಕೆ ಹೋಗುತ್ತದೆ. ನನ್ನನ್ನು ಕಂಡರೆ ಅವಳು, ‘ಬನ್ನಿ ಬಾಗಿಲು ಸಾಹೇಬ್ರೇ, ಇವತ್ತಾದ್ರೂ ಕೂತ್ಕೋತೀರೋ, ಇಲ್ಲಾ ಗಾಳಿ ಕುಡ್ಕೊಂಡೇ ಹೋಗ್ತೀರೋ?’ ಎಂದು ಹಂಗಿಸುತ್ತಾಳೆ. ಅದೇನೋ ಹಳೆಯ ತಮಾಷೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅವಳ ಹುರಿದ ಮೀನಿನಲ್ಲಿ ಹುಳಿ ಮೊದಲು ಬರುತ್ತದೋ ಉಪ್ಪು ಮೊದಲು ಬರುತ್ತದೋ ಎಂಬುದರ ಮೇಲೆ ಊರಿನಲ್ಲಿ ಎರಡು ಪಕ್ಷಗಳಿವೆ. ತೀರ್ಪು ನೀನು ಕೊಡಬೇಕು. ನಾನು ಸರ್ಕಾರಿ ನೌಕರ, ತಟಸ್ಥ.

ಸಂಜೆ ಕೋರ್ಟಿನ ಬೀದಿಯ ಸಕ್ಕರೆ ತಾತನ ಮಿಠಾಯಿ ಅಂಗಡಿ. ನಿಜ ಹೇಳಬೇಕೆಂದರೆ ನಿನ್ನನ್ನು ಕರೆಸುತ್ತಿರುವುದೇ ಈ ತಾತನಿಗಾಗಿ. ನಲವತ್ತು ವರ್ಷ ನಶ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ನಿವೃತ್ತಿಯಾಗಿದೆ. ಆದರೂ ಪಾಕ ಕಹಿಗೆ ತಿರುಗುವ ಒಂದು ಗಳಿಗೆ ಮೊದಲು, ತಪ್ಪದೆ, ಬಾಣಲೆ ಇಳಿಸುತ್ತಾನೆ. ಬಣ್ಣ ನೋಡುತ್ತಾನೆ, ಗುಳ್ಳೆಯ ಸದ್ದು ಕೇಳುತ್ತಾನೆ, ಕಡ್ಡಿಯ ತುದಿಯಿಂದ ಒಂದು ತೊಟ್ಟು ನಾಲಿಗೆಗೆ ಇಟ್ಟುಕೊಳ್ಳುತ್ತಾನೆ. ನಿನ್ನ ವಿಷಯ ಹೇಳಿದೆ. ‘ಕರ್ಕೊಂಡ್ ಬನ್ನಿ ಅವರನ್ನ. ಮೂಗೊಂದು ಕೈ ಕೊಟ್ರೆ ಕಣ್ಣು, ಕಿವಿ, ನಾಲಿಗೆ ಎಲ್ಲ ರಜಾ ಹಾಕಿ ಕೂತಿವೆಯಾ?’ ಎಂದ. ಬೆಳಗ್ಗೆ ಎರಡು ತಾಸು ತನ್ನ ಒಲೆಯ ಪಕ್ಕ ನಿಲ್ಲಿಸಿಕೊಳ್ಳಲು ಒಪ್ಪಿದ್ದಾನೆ. ಯಾರನ್ನೂ ಹತ್ತಿರ ಸೇರಿಸದವನು.

ನಾಲ್ಕನೆಯ ದಿನ ಲಕೋಟೆಯನ್ನು ನಿನ್ನ ಮುಂದಿಡುತ್ತೇನೆ. ಆಗಲೂ ಹಾಕು ಎಂದರೆ ನಿನ್ನ ಕಣ್ಣೆದುರೇ ಡಬ್ಬಿಗೆ ಹಾಕುತ್ತೇನೆ. ನಿರ್ಧಾರ ನಿನ್ನದು, ತಡ ಮಾಡಿದ್ದಷ್ಟೇ ನನ್ನದು. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋದಾಗ ನೀನು ಸ್ಟೂಲಿನ ಮೇಲೆ ನಿಂತು ಅಡುಗೆ ಮಾಡುತ್ತಿದ್ದೆ, ನನ್ನನ್ನು ‘ಚಿಕ್ಕ ಸೌಟು’ ಎನ್ನುತ್ತಿದ್ದೆ. ಪಾತ್ರೆಯಲ್ಲೇನಿದೆ ಎಂದು ನಾನು ಬಾಗಿಲಿನಿಂದಲೇ ಮೂಸಿ ಹೇಳಬೇಕಿತ್ತು. ಸರಿಯಾದರೆ ಮೊದಲ ತುತ್ತು ನನಗೆ, ತಪ್ಪಾದರೂ ನನಗೇ. ಅಂಥವಳು ಒಂದು ಹಂಡೆ ಸೂಪಿಗೆ ಹೆದರಿ ಸೌಟು ಕೆಳಗಿಟ್ಟರೆ ನನಗೆ ನಿದ್ದೆ ಹತ್ತುವುದಿಲ್ಲ, ಅಕ್ಕಾ.

ಬೈದುಕೊಂಡಾದರೂ ಬಾ.

ನಿನ್ನ ಲಕೋಟೆಗಳ್ಳ ತಮ್ಮ,
ಚಿಕ್ಕ ಸೌಟು

ವಿ.ಸೂ.: ಹೇಗೂ ಮೀನಮ್ಮ ಬಾಯಿಬಿಡುತ್ತಾಳೆ, ಅದಕ್ಕೆ ಮೊದಲು ನಾನೇ ಹೇಳಿಬಿಡುತ್ತೇನೆ. ಮೇಲೆ ಬರೆದ ಒಂದು ಕಡೆಯೂ ನಾನು ಇದುವರೆಗೆ ಒಂದು ತುತ್ತು ತಿಂದವನಲ್ಲ. ಬಂದ ಎರಡನೇ ವಾರಕ್ಕೇ ಹೊಟ್ಟೆಯಲ್ಲಿ ಹುಣ್ಣಾಯಿತು. ಹುಳಿ, ಖಾರ, ಕರಿದದ್ದು ಎಲ್ಲ ಬಂದ್. ನಿನಗೆ ತಿಳಿದರೆ ಹಂಡೆ ಸಮೇತ ರೈಲು ಹತ್ತುತ್ತೀಯೆಂದು ಮುಚ್ಚಿಟ್ಟೆ. ಕಳೆದ ತಿಂಗಳು ನಿಮ್ಮಲ್ಲಿ ಸರಿಯಾಗಿ ಉಣ್ಣದೆ, ಭಾವನ ಅಡುಗೆಯ ಮೇಲೆ ಗೂಬೆ ಕೂರಿಸಿದೆ. ನನ್ನ ಪರವಾಗಿ ಅವರ ಕ್ಷಮೆ ಕೇಳು. ದಿನಾ ತಕ್ಕಡಿ ನೋಡಿ ಮುಗಿಸಿ, ಬಾಗಿಲಲ್ಲಿ ನಿಂತು ಮೂಸಿ, ಮನೆಗೆ ಬಂದು ಗಂಜಿ ಕುಡಿಯುವುದು. ಊರಿನ ತೂಕ ನೋಡುವವನ ತೂಕವೇ ಒಂಬತ್ತು ಕಿಲೋ ಇಳಿದಿದೆ. ಇನ್ನೂ ಒಂದಿದೆ. ಆ ಗಂಜಿಯನ್ನೂ ಈ ವಾರ ಮೂರು ಸಲ ಸೀಯಿಸಿದ್ದೇನೆ, ಊರೆಲ್ಲ ಮೂಸಿದ ಈ ಮೂಗನ್ನು ಒಲೆಯಿಂದ ಎರಡೇ ಅಡಿ ದೂರದಲ್ಲಿಟ್ಟುಕೊಂಡು. ಮೂರನೆಯದು ಈಗ ತಾನೇ, ನಿನಗೆ ಬುದ್ಧಿ ಹೇಳುತ್ತಾ ಕೂತಿದ್ದಾಗ. ನಂಬಿಕೆ ಬಾರದಿದ್ದರೆ ಈ ಕಾಗದವನ್ನು ಭಾವನ ಕೈಗೆ ಕೊಟ್ಟು ಮೂಸಲು ಹೇಳು.