ತೂತಿನ ಹಲಗೆ, ಡಾರಿಲ್‌ನ ಕಿವಿ

ಹವಾಯಿಯ ಹಿಲೋದಲ್ಲಿರುವ ಚಿಕ್ಕಪ್ಪನಿಗೆ ಅಲೋಹಾ!

ನಡುವೆ ತೂತು ಕೊರೆದು ನೀನು ಮಾಡಿಕೊಟ್ಟ ಸರ್ಫಿಂಗ್ ಹಲಗೆಯನ್ನು ಇವತ್ತು ಆಸ್ಟ್ರೇಲಿಯಾದ ಕಡಲಿಗೆ ಇಳಿಸಿದೆ. ಮೀನಿನಂತೆ ಜಾರಿತು. ಹುಡುಗಿಯರು ಚಪ್ಪಾಳೆ ತಟ್ಟಿದರು, ಗಂಡಸರು ಮೂಗು ಮುರಿದರು. ಇಲ್ಲಿಯ ಹಳೇ ಹುಲಿ ಡಾರಿಲ್ ಅಂತೂ, "ಇದೇನಮ್ಮ, ಹಲಗೆನೋ ಕಕ್ಕಸಿನ ಸೀಟೋ?" ಎನ್ನುತ್ತ ಎಲ್ಲರನ್ನೂ ನಗಿಸಲು ತೂತಿನೊಳಗೆ ತಲೆ ತೂರಿಸಿದ. ತಲೆ ಹೊರಗೆ ಬರಲೇ ಇಲ್ಲ!

"ಗರಗಸ ತರ್ರೋ!" ಎಂದು ಯಾರೋ ಕೂಗಿದರು. ನಾನು ಹಲಗೆಗೆ ಅಡ್ಡ ನಿಂತೆ.

"ಹಲಗೆ ಮುಟ್ಟಿದ್ರೆ ಜೋಕೆ! ಬೇಕಾದ್ರೆ ಅವನ ಕಿವಿ ಕುಯ್ಯಿರಿ!" ಎಂದೆ.

ಕೊನೆಗೆ ತಿಂಡಿ ಅಂಗಡಿಯಾಕೆ ಅವನ ಕಿವಿಗೆಲ್ಲ ಬೆಣ್ಣೆ ಬಳಿದು ಎಳೆದಳು. ಹೊರಬಂದವನೇ, "ನಂಗೂ ಒಂದು ಮಾಡಿಸ್ಕೊಡಮ್ಮ, ತೂತು ಮಾತ್ರ ಒಂಚೂರು ದೊಡ್ಡದಿರ್ಲಿ" ಎಂದ.

ನೀನು ವಿಚಾರಿಸಿದ್ದ ನನ್ನ ಮೊಣಕಾಲಿನ ಊತ ಇಳಿದಿದೆ. ಡಾರಿಲ್‌ನ ತಲೆಯ ಅಳತೆಯನ್ನು ಈ ಕಾರ್ಡಿನ ಅಂಚಿನಲ್ಲಿ ಬರೆದಿದ್ದೇನೆ, ಕಿವಿ ಸೇರಿಸಿಯೇ.

ನಿನ್ನ ಮಕಾನಾ