ಸುಟ್ಟುಹೋದ ಇಂಟು ಗುರುತು

ಸಾರ್ವಜನಿಕ ಚಿತ್ರ ವಿಭಾಗದ ಮಾನ್ಯ ನಿರ್ದೇಶಕರೇ,

ತಾವು ಎಲ್ಲ ಶಾಲೆಗಳಿಗೆ ಕಳಿಸಿಕೊಟ್ಟಿರುವ ‘ವಿಷಗಾಳಿ ಬಂದಾಗ’ ಎಂಬ ಹಳೆಯ ಕಿರುಚಿತ್ರ ಮಕ್ಕಳಿಗೆ ಸಾಯುವ ದಾರಿಯನ್ನು ಕಲಿಸುತ್ತಿದೆ. ಇದು ಮಾತಿನ ಅಲಂಕಾರವಲ್ಲ. ಕಪ್ಪುಬಿಳುಪಿನ ಹಳೆಯ ಚಿತ್ರಗಳನ್ನು ಡಬ್ಬಿಗಳಿಂದ ಹೊರತೆಗೆದು, ಧೂಳು ಕೊಡವಿ, ಕಂಪ್ಯೂಟರಿಗೆ ಏರಿಸಿ, ‘ಅಂದಿನ ಪಾಠ ಇಂದಿಗೂ’ ಎಂಬ ಹಣೆಪಟ್ಟಿ ಹಚ್ಚಿ ಹಂಚಿದ ತಮ್ಮ ಉತ್ಸಾಹಕ್ಕೆ ಪತ್ರಿಕೆಗಳೆಲ್ಲ ಬೆನ್ನು ತಟ್ಟಿವೆ. ನಾನೂ ತಟ್ಟುತ್ತಿದ್ದೆ. ಆದರೆ ಆ ಚಿತ್ರದ ಉಳಿದ ಭಾಗ ಎಲ್ಲಿ ಹೋಯಿತು ಎಂದು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಕೇಳಿದರೇ?

ಎಲ್ಲಿ ಹೋಯಿತೆಂದು ನನಗೆ ಗೊತ್ತು. ಅದನ್ನು ಕತ್ತರಿಸಿದವನು ನಾನೇ.

ತಮ್ಮದೇ ವಿಭಾಗದ ಫಿಲ್ಮ್ ದುರಸ್ತಿ ಕೋಣೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕೂತಿದ್ದೆ. ವ್ಯಾನಿನಲ್ಲಿ ಊರೂರು ಸುತ್ತಿ ಬಂದ ರೀಲುಗಳನ್ನು ಮೇಜಿನ ಮೇಲೆ ಬಿಚ್ಚಿ, ಹರಿದ, ಸುಟ್ಟ ಚೌಕಗಳನ್ನು ಕತ್ತರಿಸಿ, ಉಳಿದ ತುದಿಗಳನ್ನು ಅಂಟಿಸಿ ವಾಪಸು ಕಳಿಸುವುದು ನನ್ನ ಕೆಲಸ. ಆ ಕಾಲದ ಸುರಕ್ಷತಾ ಚಿತ್ರಗಳೆಲ್ಲ ಒಂದೇ ಅಚ್ಚಿನವು. ಮೊದಲು ಒಬ್ಬ ದಡ್ಡ ತಪ್ಪು ಮಾಡುತ್ತಾನೆ, ಅವನ ಮೇಲೆ ಪರದೆಯಗಲದ ಇಂಟು ಗುರುತು ಬೀಳುತ್ತದೆ, ಆಮೇಲೆ ಸರಿಯಾದ ಕ್ರಮ. ಈ ಚಿತ್ರದಲ್ಲೂ ಬಿಳಿ ಅಂಗಿಯವನೊಬ್ಬ ಸೈರನ್ ಕೇಳಿ ಹೆಂಡತಿ ಮಕ್ಕಳನ್ನು ನೆಲಮಾಳಿಗೆಗೆ ಇಳಿಸಿ, ಬಾಗಿಲು ಹಾಕಿ, ಹಣೆ ಒರೆಸಿಕೊಂಡು, ಅಬ್ಬಾ ಗೆದ್ದೆ ಎನ್ನುವಂತೆ ನಗುತ್ತಾನೆ. ಆ ನಗುವಿನ ಮೇಲೆ ಇಂಟು ಬೀಳುತ್ತಿತ್ತು. ‘ತಪ್ಪು! ಈ ಗಾಳಿ ಭಾರ, ತಗ್ಗಿಗೇ ಇಳಿಯುತ್ತದೆ’ ಎಂದು ಗಂಡುದನಿಯೊಂದು ಗದರುತ್ತಿತ್ತು.

ಆಗಿನ ನಿರ್ದೇಶಕರ ಲಿಖಿತ ಆದೇಶವೊಂದಿತ್ತು. ಇಂಟು ಬಂದೊಡನೆ ಆಪರೇಟರ್ ಯಂತ್ರವನ್ನು ನಿಲ್ಲಿಸಬೇಕು, ‘ಹೇಳ್ರಪ್ಪಾ, ಇವನು ಮಾಡಿದ ತಪ್ಪೇನು?’ ಎಂದು ಜನರನ್ನು ಕೇಳಬೇಕು. ಜನ ಉತ್ತರ ಕೊಡುವವರೆಗೆ ಫಿಲ್ಮಿನ ಹಿಂದೆ ಯಂತ್ರದ ದೀಪ ಉರಿಯುತ್ತಿರುತ್ತದೆ. ಓಡುವ ಫಿಲ್ಮಿಗೆ ಆ ಶಾಖ ತಾಗದು, ನಿಂತ ಫಿಲ್ಮು ಗುಳ್ಳೆಯೆದ್ದು ಸುಡುತ್ತದೆ. ಪ್ರತಿ ಪ್ರದರ್ಶನಕ್ಕೂ ಮೂರು ನಾಲ್ಕು ಚೌಕ ಸುಟ್ಟು ಬರುತ್ತಿದ್ದವು, ನಾನು ಕತ್ತರಿಸುತ್ತಿದ್ದೆ. ಯಾವುದನ್ನು ಜನ ಕಣ್ಣು ತುಂಬ ನೋಡಲಿ ಎಂದು ನಿಲ್ಲಿಸಿದೆವೋ ಅದೇ ಸವೆದು ಸವೆದು ಇಲ್ಲವಾಯಿತು. ಕಡೆಯ ಇಂಟನ್ನು, ಅದರ ಜೊತೆಗೇ ಆ ಗದರುವ ದನಿಯನ್ನೂ ಕತ್ತರಿಸಿದ ದಿನ ಮೇಲಿನವರಿಗೆ ಚೀಟಿ ಬರೆದೆ. ಬೇರೆ ಪ್ರತಿಗಳಿವೆ ಎಂದರು. ನಾನು ಸುಮ್ಮನಾದೆ, ಅದು ನನ್ನ ಪಾಪ. ಬೇರೆ ಪ್ರತಿಗಳನ್ನು ಗೋದಾಮು ತೆರವು ಮಾಡುವಾಗ ಗುಜರಿಗೆ ಹಾಕಿದರು. ಮನೆಯವರೆಲ್ಲ ಎತ್ತರಕ್ಕೆ ಹತ್ತಿ ಬದುಕುವ ಎರಡನೆಯ ರೀಲು ನೀರು ಸೋರುವ ಮೂಲೆಯಲ್ಲಿ ಅಂಟಿ ಗಟ್ಟಿಯಾಗಿ ಹೋಯಿತು.

ಉಳಿದದ್ದು ನಾನು ಅಂಟಿಸಿದ ಆ ಒಂದೇ ರೀಲು. ತಮ್ಮವರು ಅದನ್ನು ತೊಳೆದು ಫಳಫಳ ಮಾಡಿ, ಬಿಳಿ ಅಂಗಿಯವನ ನಗುವಿನ ಮುಂದೆ ‘ಮುಕ್ತಾಯ’ ಎಂದು ಹೊಸದಾಗಿ ಬರೆದಿದ್ದಾರೆ. ಎಂಥ ಅಚ್ಚುಕಟ್ಟು ಕೆಲಸ, ಸ್ವಾಮಿ!

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳ ಶಾಲೆಯ ಹಿಂಗೋಡೆಗೆ ತಾಗಿ ನೀರು ಶುದ್ಧ ಮಾಡುವ ಘಟಕವಿದೆ, ಅಲ್ಲಿ ಕ್ಲೋರಿನ್ ತುಂಬಿದ ಆಳುದ್ದದ ಸಿಲಿಂಡರುಗಳು ಸಾಲಾಗಿ ಮಲಗಿವೆ. ಹೋದ ತಿಂಗಳು ಅವಳು ಕುಣಿಯುತ್ತಾ ಬಂದು, “ಅಜ್ಜಾ, ಇವತ್ತು ಸೈರನ್ ಆಟ! ಸಿನಿಮಾದಲ್ಲಿ ತೋರ್ಸಿದ ಹಾಗೇ ಎಲ್ರೂ ಕೆಳಗಿನ ಸ್ಟೋರ್ ರೂಮಿಗೆ ಇಳಿದ್ವಿ. ನಮ್ಮ ಕ್ಲಾಸೇ ಫಸ್ಟು!” ಅಂದಳು.

ಮರುದಿನ ಆ ಗೋಡೆಯ ಪಕ್ಕ ನಡೆದು ನೋಡಿದೆ. ಗೋಡೆಯ ಮೇಲಿನ ಬಿರುಕುಗಳಲ್ಲಿ ಹುಲ್ಲು ಹಸಿರಾಗಿತ್ತು. ಕೆಳಗೆ ಚರಂಡಿಯುದ್ದಕ್ಕೂ ಅದೇ ಹುಲ್ಲು ಬಿಳಿಚಿ ಸತ್ತಿತ್ತು, ಬಗ್ಗಿದರೆ ಕಣ್ಣು ಉರಿಯುತ್ತಿತ್ತು. ಘಟಕದ ಕಾವಲುಗಾರ ಒಳಗಿನಿಂದಲೇ, “ಒಂದು ವಾಲ್ವ್ ಸ್ವಲ್ಪ ಸೋರ್ತಿದೆ ಯಜಮಾನ್ರೇ, ಬರೆದು ಹಾಕಿದ್ದೀವಿ,” ಎಂದ. ಆ ಚರಂಡಿ ಶಾಲೆಯ ಸ್ಟೋರ್ ರೂಮಿನ ಕಿಟಕಿಯ ಕೆಳಗೇ ಹಾದುಹೋಗುತ್ತದೆ.

ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಹೋದೆ. ಕೆಟ್ಟವರಲ್ಲ, ಕೂರಿಸಿ ಕೇಳಿದರು. “ನಿಮ್ಮ ಮಾತು ನಿಜಾನೇ ಇರಬಹುದು. ಆದ್ರೆ ಸುತ್ತೋಲೆ ಇದೆ, ಸಿನಿಮಾದ ಪ್ರಕಾರವೇ ಅಭ್ಯಾಸ ಮಾಡಿಸಿ ಅಂತ. ನಿಮ್ಮ ಮಾತು ಕೇಳಿ ಮಹಡಿ ಹತ್ತಿಸಿ, ಒಂದು ಮಗು ಜಾರಿ ಬಿದ್ರೆ ನನ್ನ ಗತಿ ಏನು?” ಎಂದರು. ಅಲ್ಲಿಂದ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕತ್ತೆತ್ತದೆ, “ಲಕ್ಷಾಂತರ ಜನ ನೋಡಿ ಮೆಚ್ಚಿದ್ದಾರೆ, ನೀವೊಬ್ರೇ ತಪ್ಪು ಅಂತಿರೋದು. ಇರ್ಲಿ, ಮೂಲ ಪ್ರತಿ ಇದ್ರೆ ತಂದ್ಕೊಡಿ, ಪರಿಶೀಲಿಸೋಣ,” ಎಂದರು. ತಮ್ಮ ಕಚೇರಿಯೇ ಗುಜರಿಗೆ ಹಾಕಿದ್ದನ್ನು ನಾನು ಎಲ್ಲಿಂದ ತರಲಿ? ಯಾವ ಪುರಾವೆ ಬೇಕು ತಮಗೆ? ಮಕ್ಕಳನ್ನು ಆ ಕೋಣೆಯಿಂದ ಹೊತ್ತು ತಂದ ಮೇಲೆ ಸಿಗುವ ಪುರಾವೆಯೇ?

ನನ್ನ ಬೇಡಿಕೆ ಇಷ್ಟೇ. ಈ ಚಿತ್ರವನ್ನು ಇಂದೇ ಹಿಂದಕ್ಕೆ ಪಡೆಯಿರಿ. ಕೆಳಗಿಳಿಯುವುದು ತಪ್ಪು, ಗಾಳಿಗೆ ಅಡ್ಡಲಾಗಿ ಸರಿದು ಎತ್ತರಕ್ಕೆ ಹೋಗಬೇಕು ಎಂಬ ಒಂದೇ ಸಾಲಿನ ಸುತ್ತೋಲೆಯನ್ನು ಪ್ರತಿ ಶಾಲೆಗೂ ಕಳಿಸಿ. ಆ ಇಂಟು ಇಲ್ಲವಾದದ್ದಕ್ಕೆ ನನ್ನನ್ನೇ ಹೊಣೆ ಮಾಡಿ, ಪಿಂಚಣಿ ನಿಲ್ಲಿಸಿ, ಕಟಕಟೆ ಹತ್ತಿಸಿ, ತಕರಾರಿಲ್ಲ. ಆದರೆ ಮುಂದಿನ ಗುರುವಾರ ಮತ್ತೆ ಅಭ್ಯಾಸವಿದೆ, ಅಷ್ಟರೊಳಗೆ ಕಳಿಸಿ. ಆ ವಾಲ್ವ್ ಗುರುವಾರದವರೆಗೆ ತಡೆಯುತ್ತದೆಂದು ನನಗಂತೂ ನಂಬಿಕೆಯಿಲ್ಲ.

ತಾವು ಏನೂ ಮಾಡಲಾರಿರಿ ಎಂಬ ಭಯದಿಂದ, ಮೊಮ್ಮಗಳನ್ನು ಮಾತ್ರವಾದರೂ ಉಳಿಸಿಕೊಳ್ಳೋಣವೆಂದು ಅವಳನ್ನು ಎದುರು ಕೂರಿಸಿಕೊಂಡು ಹೇಳಿದೆ. ಸೈರನ್ ಕೂಗಿದರೆ ಯಾರು ಏನೇ ಹೇಳಲಿ, ನೀನು ಮೇಲಕ್ಕೆ ಓಡು ಎಂದೆ. ಜಾಣೆ, ಎಲ್ಲ ಅರ್ಥ ಮಾಡಿಕೊಂಡಳು.

“ಆಯ್ತಜ್ಜಾ. ಮೊದ್ಲು ಕೆಳಗೆ ಹೋಗಿ ಎಲ್ರನ್ನೂ ಕರ್ಕೊಂಡು ಬಂದು ಆಮೇಲೆ ಓಡ್ತೀನಿ. ಅವ್ರಿಗೆ ಗೊತ್ತಿಲ್ವಲ್ಲ, ಪಾಪ.”

ಬೇಡ ಎಂದೆ. ಅವರನ್ನು ಬಿಟ್ಟು ನೀನೊಬ್ಬಳೇ ಓಡು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಹೂಂ ಅನ್ನಲಿಲ್ಲ.

ಇಂತಿ,
ಮಗುವೊಂದಕ್ಕೆ ಗೆಳತಿಯರನ್ನು ಬಿಟ್ಟು ಬಾ ಎಂದು ಬೇಡಿಕೊಂಡ,
ತಮ್ಮ ವಿಭಾಗದ ನಿವೃತ್ತ ಫಿಲ್ಮ್ ದುರಸ್ತಿಗಾರ